ಹಿಂದಿನ ಸೀಟಿನ ಗ್ಯಾರಂಟಿ

ಬ್ರೇಕ್ ಕೆಲಸ ಮುಗಿದರೆ ಗ್ಯಾರೇಜಿನ ಮೇಸ್ತ್ರಿ ಮೊದಲು ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಇಳಿಜಾರಿನಲ್ಲಿ ಗಾಡಿ ಓಡಿಸುವರು. ಗಿರಾಕಿಗಳಿಗೆ ಅದೇ ಗ್ಯಾರಂಟಿ.

ಇವತ್ತಿನದು ಐವತ್ತು ವರ್ಷದ ಹಳೇ ಕಾರು. ಬ್ರೇಕ್ ಡಿಸ್ಕೂ ಹೊಸದು, ಚಕ್ರ ಹಿಡಿಯುವ ಸ್ಟಡ್‌ಗಳೂ ಹೊಸವು.

“ಹೆದರಿಕೆ ಆಗಲ್ವೇನಮ್ಮಾ?” ಎಂದು ನಕ್ಕು ಕಾರಿನವರು ಟೀಗೆ ಹೊರಟರು.

“ಇವರ ಕೈಮೇಲೆ ನಂಬಿಕೆ ಸ್ವಾಮಿ,” ಎಂದಳು ಮೇಸ್ತ್ರಿಯ ಹೆಂಡತಿ ಚೆಲುವಮ್ಮ.

ಆ ಕೈ ನಡುಗತೊಡಗಿ ಎರಡು ವರ್ಷ. ಅಂದಿನಿಂದ ಅವರು ಕೈ ತೊಳೆಯಲು ಹೋದಾಗಲೆಲ್ಲ ಅವಳು ಸದ್ದಿಲ್ಲದೆ ಚಕ್ರದ ಒಂದೊಂದೇ ನಟ್ಟನ್ನು ಮತ್ತೆ ಬಿಗಿ ಮಾಡುತ್ತಿದ್ದಳು. ಗೊತ್ತಾದರೆ ಅವರು ಸ್ಪ್ಯಾನರ್ ಮುಟ್ಟುವುದನ್ನೇ ಬಿಟ್ಟಾರೆಂಬ ಭಯ. ಈಚೆಗೆ ಅವಳ ಸೊಂಟವೂ ಸೋತಿತ್ತು.

ಮೇಸ್ತ್ರಿ ಸೋಪು ಎತ್ತಿಕೊಂಡು ಹೊರಟವರು ಬಾಗಿಲಲ್ಲಿ ನಿಂತು, ತಿರುಗಿ ನೋಡದೆ ಹೇಳಿದರು:

“ಎಡಗಡೆ ಮೂರನೇ ನಟ್ಟು ಸ್ವಲ್ಪ ಮೊಂಡು ಕಣೇ. ಬಗ್ಗಬೇಡ, ಸ್ಪ್ಯಾನರನ್ನ ಕಾಲಲ್ಲೇ ಒತ್ತು.”