ವಕಾಲತ್ತಿಗೆ ಮುಂಚೆ

ದೂರು ಕೊಟ್ಟವಳ ಮೈ ನೆನಪಿಟ್ಟುಕೊಂಡದ್ದನ್ನು ತಾವೂ ಒಮ್ಮೆ ಅನುಭವಿಸದೆ ಆರೋಪಿಯ ವಕೀಲರು ವಕಾಲತ್ತಿಗೆ ಸಹಿ ಹಾಕುವಂತಿರಲಿಲ್ಲ. ವಕೀಲೆ ಭ್ರಮರಾಂಬ ಎಂದಿನಂತೆ ಬಳೆ ತೆಗೆದಿಟ್ಟು, ಆ ನೆನಪನ್ನು ತುಂಬಿ ಕೋರ್ಟಿನವರು ಕಳಿಸಿದ್ದ ರಬ್ಬರ್ ಪಟ್ಟಿಯನ್ನು ಮುಂಗೈಗೆ ಕಟ್ಟಿಕೊಂಡರು.

ಎದುರಿಗೆ ಕೂತಿದ್ದ ತಿಪ್ಪೇಶ, "ಹೆಂಡತಿಗೆ ಒಂದೇಟೂ ಹೊಡೆದವನಲ್ಲ ಮೇಡಂ. ನಿಮಗೇ ಗೊತ್ತಾಗುತ್ತೆ," ಅಂದ.

ಅವರು ಕಣ್ಣು ಮುಚ್ಚಿ ಕಾದರು. ಕೆನ್ನೆ ಉರಿಯಲಿಲ್ಲ, ಬೆನ್ನು ನೋಯಲಿಲ್ಲ. ಇಂಥ ಕೇಸು ಅಪರೂಪಕ್ಕೆ ಸಿಗುತ್ತಿತ್ತು. ಮೈಗೆ ಇಳಿದ ನೆನಪು ಆರಲು ಇನ್ನೂ ಹೊತ್ತಿದ್ದರೂ ಪಟ್ಟಿ ಬಿಚ್ಚಿ ಪೆನ್ನು ತೆಗೆದರು.

"ಏಟಿನ ನೋವೇ ಇಲ್ಲ ಕಣ್ರೀ. ಜಾಮೀನು ಕಷ್ಟವಾಗಲ್ಲ."

"ನಾನು ಹೇಳಲಿಲ್ವಾ?" ತಿಪ್ಪೇಶ ಹಗುರಾಗಿ ಎದ್ದು, ಮೇಜಿನ ಮೇಲಿದ್ದ ಬೈಕಿನ ಕೀಲಿ ಎತ್ತಿಕೊಂಡ. ಗೊಂಚಲು ಝಣ್ ಅಂದಿತು.

ಅಷ್ಟಕ್ಕೇ ಭ್ರಮರಾಂಬ ಕುರ್ಚಿ ಸಮೇತ ಗೋಡೆಗೆ ಅಂಟಿಕೊಂಡಿದ್ದರು. ಎರಡೂ ಕೈ ತಾವಾಗಿಯೇ ಮುಖಕ್ಕೆ ಅಡ್ಡ ಬಂದಿದ್ದವು. ಪೆನ್ನು ಎಲ್ಲೋ ಉರುಳಿತ್ತು. ಬಾಯಿಂದ ಹೊರಟದ್ದು ಅವರ ಮಾತಾಗಿರಲಿಲ್ಲ.

"ಸಾರು ಬಿಸಿ ಮಾಡಿದೀನಿ ರೀ. ಈಗಲೇ ಬಡಿಸ್ತೀನಿ."

"ಮತ್ತೆ ಏನ್ ನೋಡ್ತಾ ಕೂತಿದೀಯ? ಬಡಿಸು," ಅಂದ ತಿಪ್ಪೇಶ, ಎದುರಿಗಿರುವುದು ಯಾರು ಅನ್ನುವುದು ನೆನಪಾಗುವ ಮೊದಲೇ.