ಎಡಗಡೆ ಬಿದ್ದ ಹೂ

ಊಟದ ಮೇಜಿನ ನಾಲ್ಕನೆಯ ಕುರ್ಚಿಯಲ್ಲಿ ಅವನು ಇವತ್ತೂ ಬಂದು ಕೂತಿದ್ದ. ಜಯಂತಿ ಅತ್ತ ತಿರುಗಲಿಲ್ಲ. ತಿರುಗಿದರೆ ಕುರ್ಚಿ ಖಾಲಿಯಾಗಿರುತ್ತದೆ ಎಂಬುದು ಐದು ವರ್ಷಗಳಲ್ಲಿ ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು.

ಮೇಜಿನ ಮೇಲೆ ಮಾದರಿ ಮತಪತ್ರ ಹರಡಿತ್ತು. ಸಂಜೆ ನಾಲ್ಕು ಗಂಟೆ. ವರ್ಜೀನಿಯಾದ ಹರ್ನ್‌ಡನ್ ಊರಿನ ಮತಗಟ್ಟೆ ಏಳಕ್ಕೆ ಮುಚ್ಚುತ್ತದೆ. ಅಧ್ಯಕ್ಷರು ಯಾರಾಗಬೇಕು ಎಂದು ತೀರ್ಮಾನಿಸಲು ಜಯಂತಿಗೆ ಒಂದು ಲೋಟ ಕಾಫಿ ಸಾಕಾಗಿತ್ತು. ವರ್ಜೀನಿಯಾ ಸಂವಿಧಾನದ ತಿದ್ದುಪಡಿಗಳನ್ನೂ ಸೊಪ್ಪು ಬಿಡಿಸಿದ ಹಾಗೆ ಒಂದೊಂದಾಗಿ ಬಿಡಿಸಿ ಮುಗಿಸಿದ್ದಳು. ಒಂದು ಮಾತ್ರ ಉಳಿದುಬಿಟ್ಟಿತ್ತು. ಅಪರಾಧಕ್ಕೆ ಬಲಿಯಾದವರ, ಅವರ ಮನೆಯವರ ಮಾತನ್ನು ನ್ಯಾಯಾಲಯ ಕೇಳಬೇಕು ಎಂಬ ಹಕ್ಕು ಸಂವಿಧಾನದಲ್ಲೇ ಇರಬೇಕೆ? ಹೌದು ಅಥವಾ ಇಲ್ಲ.

“ಅಮ್ಮ, ಇದ್ರಲ್ಲಿ ಥಿಂಕ್ ಮಾಡೋಕೆ ಏನಿದೆ?” ಮಗಳು ಸುರಕ್ಷಾ ಕಾರಿನ ಕೀ ಆಡಿಸುತ್ತ ಕೇಳಿದಳು. ಹದಿನೆಂಟು ತುಂಬಿದ ಮೇಲೆ ಅವಳಿಗೆ ಇದು ಮೊದಲ ಮತ. “ಇದು ನಮ್ಮಂಥವರಿಗೇ ಮಾಡಿರೋದು. ಜಸ್ಟ್ ಯೆಸ್ ಹಾಕು.”

“ನಮ್ಮ ಮಾತು ಒಂದ್ಸಲ ಕೇಳಿದ್ರಲ್ಲ ಪುಟ್ಟಿ. ಏನಾಯ್ತು ನೋಡಿದೆಯಲ್ಲ.”

ಸುರಕ್ಷಾ ಕೀಯನ್ನು ಮೇಜಿನ ಮೇಲಿಟ್ಟಳು.

ಏಳು ವರ್ಷದ ಹಿಂದೆ, ವಾಕಿಂಗ್ ಹೋಗಿದ್ದ ಜಯಂತಿಯ ಗಂಡ ಶೇಷಾದ್ರಿ ರಸ್ತೆ ದಾಟುವಾಗ ಒಂದು ವ್ಯಾನು ಬಂದು ಹೊಡೆದಿತ್ತು. ಮನೆಗೆ ವಾಪಸು ಬರಲಿಲ್ಲ. ವ್ಯಾನು ಓಡಿಸುತ್ತಿದ್ದ ವೇಯ್ನ್ ಎಂಬಾತ ಕುಡಿದಿದ್ದ. ತಪ್ಪು ಒಪ್ಪಿಕೊಂಡ. ಶಿಕ್ಷೆ ಎಷ್ಟು ಎಂಬುದಷ್ಟೇ ಬಾಕಿ. ಅವನ ಹೆಂಡತಿ ಗಂಡನನ್ನು ಕ್ಷಮಿಸಿ ಎಂದು ಜಯಂತಿಗೆ ಎರಡು ಪುಟ ಕಾಗದ ಬರೆದಿದ್ದಳು, ಇಬ್ಬರು ಮಕ್ಕಳ ಫೋಟೋ ಜೊತೆಗಿಟ್ಟು. ಜಡ್ಜ್ ನಿಮ್ಮ ಪತ್ರಕ್ಕೆ ಬೆಲೆ ಕೊಡುತ್ತಾರೆ, ನಾಳೆ ಬೆಳಿಗ್ಗೆಯೊಳಗೆ ಕೊಡಿ ಎಂದಿದ್ದರು ವಕೀಲರು. ಕ್ಷಮಿಸಿ ಎಂದು ಬರೆಯಲೋ, ಬೇಡ ಎಂದು ಬರೆಯಲೋ?

ಇಂಥ ಇಕ್ಕಟ್ಟಿನಲ್ಲಿ ಜಯಂತಿಯ ಮನೆತನದವರು ಯಾವಾಗಲೂ ಮಾಡುತ್ತಿದ್ದುದು ಒಂದೇ, ದೇವರ ಹೂ ಕೇಳುವುದು. ಪಟದ ಎರಡು ಪಕ್ಕಕ್ಕೂ ಒದ್ದೆ ಹೂ ಆನಿಸಿ, ಮನಸ್ಸಿನಲ್ಲಿ ಪ್ರಶ್ನೆ ಇಟ್ಟು ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಹೌದು. ಎಡಗಡೆಯದಾದರೆ ಬೇಡ. ಆದರೆ ಜಯಂತಿ ಅವತ್ತು ಮುಟ್ಟಾಗಿ ಹೊರಗಿದ್ದಳು, ದೇವರ ಹತ್ತಿರ ಸುಳಿಯುವಂತಿರಲಿಲ್ಲ. ಮಹಡಿಯ ಕೋಣೆಯ ದೇವರ ಗೂಡಿಗೆ ಹನ್ನೊಂದು ವರ್ಷದ ಮಗಳನ್ನು ಸ್ನಾನ ಮಾಡಿಸಿ ಕಳಿಸಿದಳು. ತಾನು ಮೆಟ್ಟಿಲ ಕೆಳಗೆ ಕೈಮುಗಿದು ನಿಂತಳು. ಕ್ಷಮಿಸಲೇ, ಶ್ರೀನಿವಾಸಾ?

“ಲೆಫ್ಟ್, ಅಮ್ಮ!” ಮೇಲಿಂದ ಮಗಳು ಕೂಗಿದಳು. “ಲೆಫ್ಟ್ ಹೂ ಬಿತ್ತು!”

ಜಯಂತಿ ಬೇಡ ಎಂದೇ ಬರೆದಳು. ವೇಯ್ನ್‌ಗೆ ಹತ್ತು ವರ್ಷ ಬಿತ್ತು. ಎರಡನೆಯ ವರ್ಷ ಅವನು ಜೈಲಿನಲ್ಲೇ ನೇಣು ಹಾಕಿಕೊಂಡ. ಅವನ ಹೆಂಡತಿ ಪತ್ರಿಕೆಯ ತುಣುಕೊಂದನ್ನು ಕತ್ತರಿಸಿ ಲಕೋಟೆಯಲ್ಲಿಟ್ಟು ಕಳಿಸಿದಳು. ಜೊತೆಗೆ ಒಂದಕ್ಷರವೂ ಇರಲಿಲ್ಲ. ನಾಲ್ಕನೆಯ ಕುರ್ಚಿಗೆ ಅವನು ಬರತೊಡಗಿದ್ದು ಆ ವಾರದಿಂದ. ಕಟ್ಟಿಕೊಂಡ ಗಂಡ ಒಮ್ಮೆ ಕನಸಿಗೂ ಬರಲಿಲ್ಲ. ಕೊಂದವನು ಮಾತ್ರ ದಿನಾ ಬಂದು ಅಂಗೈ ಮೇಜಿನ ಮೇಲಿಟ್ಟು, ಕಾಗದಕ್ಕೆ ಉತ್ತರ ಕಾಯುವವನಂತೆ ಕೂರುತ್ತಿದ್ದ.

“ಅಮ್ಮ, ಅವತ್ತು ಹೇಳಿದ್ದು ದೇವರು,” ಎಂದಳು ಸುರಕ್ಷಾ. “ನೀನಲ್ಲ. ಐ ವಾಸ್ ದೇರ್. ನಂಗೂ ಎಷ್ಟೋ ಸಲ ಕೆಟ್ಟ ಕನಸು ಬರತ್ತೆ. ಆಗ ಅದನ್ನೇ ಹೇಳ್ಕೋತೀನಿ.”

ಜಯಂತಿಯೂ ಅಷ್ಟೇ. ಆ ಒಂದು ಮಾತನ್ನು ಹಿಡಿದುಕೊಂಡೇ ಅನ್ನ ನುಂಗುತ್ತಿದ್ದಳು. ತಾನು ಬರೆದವಳಷ್ಟೇ, ಹೇಳಿದವನು ಆ ಶ್ರೀನಿವಾಸ. ಅದೂ ಇಲ್ಲದಿದ್ದರೆ ಅವಳು ಎಂದೋ ಹುಚ್ಚಿಯಾಗಿರುತ್ತಿದ್ದಳು.

“ಇದನ್ನೂ ಅವನನ್ನೇ ಕೇಳೋಣ,” ಎಂದು ಎದ್ದಳು.

“ಅಮ್ಮ! ಇದು ಸ್ಟೇಟ್ ಕಾನ್ಸ್‌ಟಿಟ್ಯೂಷನ್. ಜಾತಕ ಅಲ್ಲ.” ನಕ್ಕರೂ ಸುರಕ್ಷಾ ಬಾಗಿಲ ಹೊರಗಿನ ಕುಂಡದಿಂದ ಎರಡು ಪುಟ್ಟ ಸೇವಂತಿಗೆ ಕಿತ್ತು ತಂದಳು.

ಈಗ ಜಯಂತಿಗೆ ಮುಟ್ಟಿನ ಅಡ್ಡಿ ಇರಲಿಲ್ಲ. ಮಗಳ ಜೊತೆ ಮಹಡಿ ಹತ್ತಿದಳು, ಆದರೂ ಹೂ ಇಡಲು ತಾನು ಮುಂದಾಗಲಿಲ್ಲ. “ನೀನೇ ಇಡು,” ಎಂದಳು. ಮಗಳು ಹೂಗಳನ್ನು ನೀರಿನಲ್ಲಿ ಅದ್ದಿ ಪಟಕ್ಕೆ ಆನಿಸಿದಳು. ಈ ಸಲ ಜಯಂತಿ ಮೆಟ್ಟಿಲ ಕೆಳಗಿರಲಿಲ್ಲ. ಮಗಳ ಹೆಗಲ ಹಿಂದೆಯೇ ನಿಂತಿದ್ದಳು. ನಾವು ಹೇಳುವುದನ್ನು ಕೋರ್ಟು ಕೇಳಬೇಕೇನಪ್ಪಾ?

ಕೆಳಗೆ ಊಟದ ಮನೆಯಲ್ಲಿ ಕುರ್ಚಿ ಸರಿದ ಸದ್ದು ಕೇಳಿಸಿತು. ಸುರಕ್ಷಾಗೆ ಕೇಳಿಸಲಿಲ್ಲ.

ಒಂದು ಹೂ ಅಲುಗಿತು. ಜಾರಿ ಬಿತ್ತು.

“ಲೆಫ್ಟ್,” ಎಂದಳು ಸುರಕ್ಷಾ. “ಸೋ, ನೋ ಅಂತ ಹಾಕು. ಅವತ್ತೂ ಎಕ್ಸಾಕ್ಟ್ಲಿ ಹೀಗೇ ಬಿದ್ದಿತ್ತು ಅಮ್ಮ. ಇದೇ ಕಡೆ.”

ಜಯಂತಿ ನೋಡಿದಳು. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದಳು. ಹೂ ಬಿದ್ದಿದ್ದು ಶ್ರೀನಿವಾಸ ವರ ಕೊಡುವ ಕೈ ಇರುವ ಪಕ್ಕದಲ್ಲಿ. ಪಟದ ಎದುರು ನಿಂತ ಮಗಳಿಗೆ ಅದು ಎಡ. ದೇವರಿಗೆ ಬಲ. ಎಣಿಸಬೇಕಾದದ್ದು ದೇವರ ಬಲಗಡೆಯನ್ನು ಎಂದು ಊರಿನ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. ನೋಡಿ ನೋಡಿ ತಿಳಿಯುತ್ತದೆ. ಹರ್ನ್‌ಡನ್ನಿನಲ್ಲಿ ಹುಟ್ಟಿದ ಹುಡುಗಿಗೆ ಅವಳೂ ಹೇಳಿಕೊಟ್ಟಿರಲಿಲ್ಲ.

ಅವತ್ತು ದೇವರು ಕ್ಷಮಿಸು ಎಂದಿದ್ದ.

“ಅಮ್ಮ? ಯಾಕೆ ಹಾಗೆ ನೋಡ್ತಿದೀಯ? ನಾನು ಸರಿಯಾಗಿ ಹೇಳಿದ್ನಲ್ವಾ?” ಮಗಳ ಮುಖದಲ್ಲಿ ಹನ್ನೊಂದು ವರ್ಷದ ಹುಡುಗಿಯ ಅದೇ ಕಾತರ.

ಮೆಟ್ಟಿಲ ಮೇಲೆ ಯಾರೋ ನಿಧಾನವಾಗಿ ಹತ್ತಿ ಬರುತ್ತಿದ್ದರು. ಜಯಂತಿ ಮಗಳ ತಲೆ ನೇವರಿಸಿದಳು.

“ಹೌದು ಪುಟ್ಟಿ,” ಎಂದಳು. “ಎಡಗಡೆನೇ.”