ಬಂಡೆಯ ಮೇಲಿನ ಹೆಜ್ಜೆ

ಮೂಗಯ್ಯ ಹುಲ್ಲಿನೊಳಗೆ ಬರಿಗಾಲಲ್ಲಿ ಇಪ್ಪತ್ತು ಮಾರು ನಡೆದು ಬಂದು ಚಪ್ಪಟೆ ಬಂಡೆಯ ಮೇಲೆ ನಿಂತ. ಕಾಲೆತ್ತಿ ನೋಡಿದ. ಹೆಜ್ಜೆಯ ಗುರುತೇ ಇಲ್ಲ. ಇವತ್ತಿಗೆ ನಾಲ್ಕು ದಿನ ಆಯಿತು, ಇದೇ ಹಣೆಬರಹ.

ಗೋಪಾಲಸ್ವಾಮಿ ಬೆಟ್ಟದ ಬುಡದ ಈ ಕಾಡಿನಲ್ಲಿ ಬೆಂಕಿ ರೇಖೆ ಸುಡುವುದೆಂದರೆ ಮೂವತ್ತೊಂದು ವರ್ಷದಿಂದ ಕಾಡು ಕಾಯುವ ವಾಚರ್ ಮೂಗಯ್ಯನ ಕಾಲು ಹೇಳಿದಂತೆ. ಬೇಸಿಗೆಯ ಬೆಂಕಿ ದಾಟಿ ಬಾರದಿರಲೆಂದು ಚಳಿಗಾಲದಲ್ಲೇ ಒಂದು ಪಟ್ಟಿ ಹುಲ್ಲನ್ನು ಸುಟ್ಟು ಬಯಲು ಮಾಡಿಡಬೇಕು. ಇಬ್ಬನಿಯಲ್ಲಿ ನೆಂದ ಹುಲ್ಲಾದರೆ ಬೆಂಕಿ ಹೇಳಿದ ಮಾತು ಕೇಳಿಕೊಂಡು ತೆವಳುತ್ತದೆ. ಒದ್ದೆ ಹೆಜ್ಜೆ ಬಂಡೆಯ ಮೇಲೆ ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು ಆರದಿದ್ದರೆ ಹಚ್ಚಬಹುದು. ಆರಿತೋ, ಸುಮ್ಮನೆ ಮನೆಗೆ ಹೋಗಬೇಕು. ಮೊದಲೆಲ್ಲ ಶಿವರಾತ್ರಿವರೆಗೂ ಇಬ್ಬನಿ ಬೀಳುತ್ತಿತ್ತು. ಈಗೀಗ ಸಂಕ್ರಾಂತಿಗೇ ಗಂಟುಮೂಟೆ ಕಟ್ಟುತ್ತದೆ. ಈ ಸಲವಂತೂ ಬೆಟ್ಟದ ನೆತ್ತಿಯ ಮೇಲೂ ಮಂಜಿಲ್ಲ.

"ಏನಂತದೆ ತಾತ, ಕಾಲು?" ಜೀಪಿನ ಹತ್ತಿರದಿಂದ ಫಾರೆಸ್ಟ್ ಗಾರ್ಡ್ ಪ್ರಿಯಾಂಕ ಕೇಳಿದಳು.

"ತಡಿಯವ್ವ, ನೋಡ್ತಾವ್ನಿ."

"ರೇಂಜರ್ ಸಾಹೇಬ್ರು ಮೂರ್ ಸಲ ಫೋನ್ ಮಾಡುದ್ರು. ಇವತ್ತು ಹಚ್ದೆ ಇದ್ರೆ ಆ ಮುದುಕನ್ನ ಮನೆಗೆ ಕಳ್ಸಿ ಅಂದ್ರು. ನಮ್ ತಾತ ಊಂ ಅನ್ನೋಗಂಟ ಕಡ್ಡಿ ಗೀರಲ್ಲ ಅಂದ್ಬುಟ್ಟೆ."

ಮನೆಗೆ ಕಳಿಸಿ. ಮನೆಯಲ್ಲಿ ಕೂತು ಮೂಗಯ್ಯ ಮಾಡುವುದಾದರೂ ಏನು? ಕಾಡಿಲ್ಲದ ಬೆಳಗು ಹೇಗಿರುತ್ತದೆಂದೇ ಅವನಿಗೆ ಗೊತ್ತಿಲ್ಲ. ಈಗ ಸುಡದಿದ್ದರೆ ಬೇಸಿಗೆಯಲ್ಲಿ ಹೇಗೂ ಉರಿಯುತ್ತದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪೊದೆಯ ಮರೆಗೆ ಹೋಗಿ, ಬಾಟಲಿಯ ನೀರನ್ನು ಎರಡೂ ಪಾದಕ್ಕೆ ಸುರಿದುಕೊಂಡು ಬಂದು ಬಂಡೆ ಹತ್ತಿದ.

"ಬಾ, ನೋಡವ್ವ."

ಪ್ರಿಯಾಂಕ ಬಂದು ನೋಡಿದಳು. ಒದ್ದೆ ಹೆಜ್ಜೆ ಎರಡೂ ಹಾಗೇ ಕೂತಿದ್ದವು. ಅವಳ ಮುಖ ಅರಳಿತು. ಉಳಿದ ವಾಚರ್‌ಗಳಿಗೆ ಕೈ ಬೀಸಿದಳು.

ಬೆಂಕಿ ತೆವಳಲಿಲ್ಲ, ಎದ್ದು ಓಡಿತು. ಪಟ್ಟಿಯನ್ನು ದಾಟಿ, ಒಣಗಿ ನಿಂತ ಲಂಟಾನದ ಮೆಳೆಗೆ ಬಾಯಿ ಹಾಕಿತು. ಹಸಿ ಕೊಂಬೆಗಳಿಂದ ಬಡಿದು ಬಡಿದು ಆರಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಯಾರಿಗೂ ಏನೂ ಆಗಲಿಲ್ಲ, ಅದೇ ಪುಣ್ಯ. ಆದರೆ ಅರ್ಧ ಇಳಿಜಾರು ಕರಿಯಾಗಿತ್ತು.

"ಗಾಳಿ ತಿರುಗ್ತು ಅಂತ ಬರಿತೀನಿ ಬುಡು ತಾತ," ಪ್ರಿಯಾಂಕ ಮುಖದ ಮಸಿ ಒರೆಸಿಕೊಂಡಳು. "ನಿನ್ ಕಾಲೇನೋ ಸರ್ಯಾಗೇ ಹೇಳಿತ್ತು."

ಮೂಗಯ್ಯನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಕಾಲೆಳೆದುಕೊಂಡು ಬಂಡೆ ಹತ್ತಿದ, ಅಭ್ಯಾಸದಂತೆ ಎಲೆಯಡಿಕೆ ಬಾಯಿಗಿಟ್ಟ, ಕೆಳಗೆ ನೋಡಿದ. ಬೂದಿಯಲ್ಲಿ ನಡೆದು ಬಂದ ಪಾದ ಐದು ಬೆರಳೂ ಕಾಣುವಂತೆ ಕಪ್ಪಗೆ ಬಂಡೆಗೆ ಅಚ್ಚೊತ್ತಿತ್ತು. ಎಲೆಯಡಿಕೆ ಜಗಿದು ಮುಗಿಯಿತು. ಹೆಜ್ಜೆ ಹಾಗೇ ಇತ್ತು.

"ಗಾಳಿ ಅಂತ ಬರೀಬ್ಯಾಡ ಕಣವ್ವ," ಅಂದ. "ಬೆಳಿಗ್ಗೆ ನೀ ನೋಡಿದ್ದು ಬಾಟ್ಲಿ ನೀರು. ಬಾ, ನನ್ ಹೆಜ್ಜೆ ಇದು."